ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಬೂತಿನ ಒಳಗೂ ಹೊರಗೂ

ಲೋಕಸಭಾ ಚುನಾವಣೆ ನಿಜವಾಗಿ ಹೇಗೆ ನಡೆಯುತ್ತದೆ ಅನ್ನುವುದರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಮೈಸೂರು, ಮಂಡ್ಯ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಉತ್ತರ ಬರೆಯುತ್ತಿರುವ ನಾನು ಮಂಡ್ಯ ಜಿಲ್ಲೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವನು. ಮೊದಲು ಮತಗಟ್ಟೆ ಸಿಬ್ಬಂದಿಯಾಗಿ, ಆಮೇಲೆ ಪಿಆರ್‌ಒ ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ, ಕೊನೆಗೆ ಬೇರೆಯವರಿಗೆ ತರಬೇತಿ ಕೊಡುವವನಾಗಿ ತುಂಬಾ ಚುನಾವಣೆ ಕಂಡಿದ್ದೇನೆ. ಈಗ ನಿವೃತ್ತಿಯಾಗಿ ಮೈಸೂರಿನಲ್ಲಿದ್ದೇನೆ. ಯಾವ ಪಕ್ಷ ಒಳ್ಳೆಯದು ಅಂತ ಕೇಳಿದ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಐದು ವರ್ಷಕ್ಕೊಮ್ಮೆ ಚುನಾವಣೆ. ಉಳಿದ ದಿನ ಚುನಾವಣಾ ಆಯೋಗದವರು ಏನು ಮಾಡುತ್ತಾರೆ? (ಮದ್ದೂರಿನ ಓದುಗರು)

ಮತದಾರರ ಪಟ್ಟಿ ಮಾಡುತ್ತಾರೆ. ಒಂದೇ ಮಾತಿನ ಉತ್ತರ ಬೇಕಾದರೆ ಇಷ್ಟೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಯೋಗ ಹುಟ್ಟಿದ್ದು 1950ರ ಜನವರಿ 25ರಂದು, ಗಣರಾಜ್ಯಕ್ಕಿಂತ ಒಂದು ದಿನ ಮೊದಲು. ಅದಕ್ಕೇ ಆ ದಿನವನ್ನು 2011ರಿಂದ ಮತದಾರರ ದಿನ ಅಂತ ಆಚರಿಸುತ್ತಾರೆ. ಸಂವಿಧಾನದ 324ನೇ ವಿಧಿ ಅದಕ್ಕೆ ಅಧಿಕಾರ ಕೊಟ್ಟಿದೆ. ಆದರೆ ದೆಹಲಿಯ ಆ ಕಚೇರಿ ಚಿಕ್ಕದು, ಅದಕ್ಕೆ ಸ್ವಂತ ಸೈನ್ಯ ಇಲ್ಲ. ಚುನಾವಣೆ ಬಂದಾಗ ಜನರನ್ನು ಎರವಲು ತರುತ್ತದೆ. ನಮ್ಮ ಜಿಲ್ಲಾಧಿಕಾರಿಗಳೇ ಜಿಲ್ಲಾ ಚುನಾವಣಾಧಿಕಾರಿ ಆಗುತ್ತಾರೆ, ತಹಶೀಲ್ದಾರರು, ಮೇಷ್ಟ್ರುಗಳು, ಬ್ಯಾಂಕಿನವರು, ಪೊಲೀಸರು ಎಲ್ಲರೂ ಆ ಕೆಲವು ವಾರ ಕಾನೂನಿನ ಪ್ರಕಾರ ಆಯೋಗದ ಕೈಕೆಳಗಿನವರು. 2024ರಲ್ಲಿ ಹೀಗೆ ಸುಮಾರು 1.5 ಕೋಟಿ ಜನ ದುಡಿದರು. ಮತಗಟ್ಟೆಗಳು 10.5 ಲಕ್ಷ, ಮತದಾರರು ಸುಮಾರು 97 ಕೋಟಿ. ಏಪ್ರಿಲ್ 19ರಿಂದ ಜೂನ್ 1ರವರೆಗೆ 7 ಹಂತದಲ್ಲಿ ನಡೆದದ್ದು ಯಾಕೆ ಅಂತ ಕೆಲವರು ಕೇಳಿದ್ದಾರೆ. ಇದೇ ಕಾರಣ. ಭದ್ರತಾ ಪಡೆಗಳು ಎಲ್ಲ ಕಡೆ ಒಂದೇ ದಿನ ಇರಲಾರವು, ಒಂದು ರಾಜ್ಯ ಮುಗಿಸಿ ಇನ್ನೊಂದಕ್ಕೆ ಹೋಗಬೇಕು.

ಚುನಾವಣೆ ಇಲ್ಲದ ದಿನಗಳಲ್ಲಿ ಈ ದೊಡ್ಡ ಯಂತ್ರದ ಒಂದು ತುದಿ ಮಾತ್ರ ನಿಮ್ಮ ಬೀದಿಯಲ್ಲಿ ಕಾಣುತ್ತದೆ. ಅವರೇ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ. ಬಹಳ ಕಡೆ ಅವರು ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಟೀಚರ್. ಸತ್ತವರ ಹೆಸರು ತೆಗೆಯುವುದು, ಮದುವೆಯಾಗಿ ಬಂದವರ ಹೆಸರು ಸೇರಿಸುವುದು, ಮನೆ ಬದಲಾಯಿಸಿದವರನ್ನು ಹುಡುಕುವುದು, ಬಿಸಿಲಲ್ಲಿ ಮನೆಮನೆ ಅಲೆಯುವುದು, ಎಲ್ಲ ಅವರದ್ದೇ. ಬಾಗಿಲಿಗೆ ಬಂದಾಗ 'ಆಮೇಲೆ ಬನ್ನಿ' ಅನ್ನಬೇಡಿ. ಮತದಾನದ ದಿನ 'ನನ್ನ ಹೆಸರೇ ಇಲ್ಲ' ಅಂತ ಜಗಳಕ್ಕೆ ನಿಲ್ಲುವವರಲ್ಲಿ ಎಷ್ಟೋ ಜನ ಆ 'ಆಮೇಲೆ'ಯಲ್ಲೇ ಹೆಸರು ಕಳೆದುಕೊಂಡವರು.

ಪ್ರಶ್ನೆ: ನನಗೆ ಮುಂದಿನ ಮೇ ತಿಂಗಳಲ್ಲಿ 18 ತುಂಬುತ್ತದೆ. ಹೆಸರು ಸೇರಿಸಲು ಅದರ ಮುಂದಿನ ಜನವರಿವರೆಗೆ ಕಾಯಬೇಕಾ? ಅಮ್ಮನ ಹೆಸರು ಪಟ್ಟಿಯಲ್ಲಿ ತಪ್ಪಾಗಿದೆ, ಅದಕ್ಕೇನು ಮಾಡಬೇಕು? (ಮಂಡ್ಯದ ಕಾಲೇಜು ವಿದ್ಯಾರ್ಥಿನಿ)

ಕಾಯಬೇಕಾಗಿಲ್ಲ. ಮೊದಲು ಜನವರಿ 1 ಒಂದೇ ದಿನ ಲೆಕ್ಕಕ್ಕೆ ಬರುತ್ತಿತ್ತು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಹೀಗೆ ವರ್ಷಕ್ಕೆ 4 ದಿನಾಂಕ ಇವೆ. ಮೇ ತಿಂಗಳಲ್ಲಿ 18 ತುಂಬಿದರೆ ಜುಲೈ 1ರ ಲೆಕ್ಕಕ್ಕೆ ನೀವು ಬರುತ್ತೀರಿ. 17 ದಾಟಿದ ಮೇಲೆ ಮುಂಚೆಯೇ ಅರ್ಜಿ ಕೊಟ್ಟಿರಬಹುದು. ಹೊಸ ಹೆಸರಿಗೆ ಫಾರಂ 6. ಅಮ್ಮನ ಹೆಸರಿನ ತಿದ್ದುಪಡಿಗೆ ಫಾರಂ 8, ಮನೆ ಬದಲಾಯಿಸಿದ್ದರೂ ಅದೇ ಫಾರಂ.

ಅಮ್ಮನ ಹೆಸರಿನ ವಿಷಯಕ್ಕೆ ನೀವು ತಲೆ ಕೆಡಿಸಿಕೊಂಡಿರುವುದು ನೋಡಿ ಒಂದು ಹಳೆಯ ವಿಷಯ ಹೇಳಬೇಕು ಅನ್ನಿಸಿತು. 1951-52ರ ಮೊದಲ ಚುನಾವಣೆಗೆ ಪಟ್ಟಿ ಮಾಡಲು ಹೋದಾಗ, ಉತ್ತರ ಭಾರತದ ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಹೆಸರು ಕೊಡಿ ಅಂತ ಸಮಯ ಕೊಟ್ಟು ನೋಡಿದರು, ಕೊನೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಕಟುವಾದ ತೀರ್ಮಾನ ಅದು. ಆದರೆ ಮುಂದಿನ ಚುನಾವಣೆ ಹೊತ್ತಿಗೆ ಅವರಲ್ಲಿ ಬಹಳ ಜನ ಸ್ವಂತ ಹೆಸರಿನಿಂದ ಬಂದರು. ನಿಮ್ಮ ಅಮ್ಮನ ಹೆಸರು ಸರಿಯಾಗಿ, ಅವರು ಹೇಳುವ ಹಾಗೇ ಅಚ್ಚಾಗಲಿ.

ಪ್ರಶ್ನೆ: ನಮ್ಮದು ಟಿ. ನರಸೀಪುರ, ಮೈಸೂರು ಜಿಲ್ಲೆ. ಆದರೆ ಎಂಪಿ ಮಾತ್ರ ಚಾಮರಾಜನಗರದವರು. ಇದು ಯಾವ ನ್ಯಾಯ? (ಟಿ. ನರಸೀಪುರದ ಓದುಗರು)

ಜಿಲ್ಲೆಯ ಗಡಿಯೇ ಬೇರೆ, ಕ್ಷೇತ್ರದ ಗಡಿಯೇ ಬೇರೆ. ಮೈಸೂರು ಜಿಲ್ಲೆಯಲ್ಲಿ 11 ವಿಧಾನಸಭಾ ಕ್ಷೇತ್ರಗಳಿವೆ, ಅವು 3 ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿವೆ. ನಿಮ್ಮ ಟಿ. ನರಸೀಪುರ, ವರುಣ, ನಂಜನಗೂಡು, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಕೆ.ಆರ್. ನಗರ ಮಂಡ್ಯಕ್ಕೆ. ಉಳಿದ 6 ಕ್ಷೇತ್ರಗಳ ಜೊತೆ ಕೊಡಗಿನ ಮಡಿಕೇರಿ, ವಿರಾಜಪೇಟೆ ಸೇರಿ ಮೈಸೂರು-ಕೊಡಗು. ಇದನ್ನು ಮಾಡಿದ್ದು ಚುನಾವಣಾ ಆಯೋಗ ಒಂದೇ ಅಲ್ಲ. ಕ್ಷೇತ್ರ ವಿಂಗಡಣೆಗೆ ಬೇರೆಯೇ ಆಯೋಗ ಇರುತ್ತದೆ, ಅದು 2001ರ ಜನಗಣತಿ ನೋಡಿ ಗೆರೆ ಎಳೆಯಿತು, 2008ರಲ್ಲಿ ಜಾರಿಗೆ ಬಂತು. ಜನಸಂಖ್ಯೆ ಸರಿಸುಮಾರು ಸಮ ಇರಬೇಕು ಅನ್ನುವುದು ಮುಖ್ಯ ಲೆಕ್ಕ. ಕೊಡಗಿನವರಿಗೂ ಇದೇ ದೂರು ಇದೆ, ಅವರ ಎಂಪಿ ಮೈಸೂರಿನ ಕಡೆಯವರು ಅಂತ.

ಪ್ರಶ್ನೆ: ಬೆರಳಿಗೆ ಹಚ್ಚುವ ಇಂಕು ನಮ್ಮ ಮೈಸೂರಿನದೇ ಅಂತಾರಲ್ಲ, ನಿಜವಾ? ಅದು ಯಾಕೆ ಅಳಿಸುವುದಿಲ್ಲ? (ಸರಸ್ವತಿಪುರಂನ ಗೃಹಿಣಿ)

ನಿಜ. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ತುಂಬಾ ಖುಷಿ. ಬನ್ನಿಮಂಟಪದ ಕಡೆ ಇರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ, ಹಳಬರ ಬಾಯಲ್ಲಿ ಈಗಲೂ ಅದು ಮೈಲ್ಯಾಕ್. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು, ಆಗ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಸಂಸ್ಥಾನದ ಕಾಡಿನಲ್ಲಿ ಸಿಗುತ್ತಿದ್ದ ಅರಗಿನಿಂದ ಬಣ್ಣ, ಮುದ್ರೆಯ ಅರಗು ಮಾಡಲು ಕಟ್ಟಿದ್ದು. 1962ರ ಚುನಾವಣೆಗೆ ಮೊದಲ ಸಲ ಇಲ್ಲಿಂದ ಶಾಯಿ ಹೋಯಿತು. ಅದರ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ಈಗಲೂ ಗುಟ್ಟು. ಅಂದಿನಿಂದ ಇಂದಿನವರೆಗೆ ದೇಶದ ಎಲ್ಲ ಲೋಕಸಭೆ, ವಿಧಾನಸಭೆ ಚುನಾವಣೆಗೆ ಇದೊಂದೇ ಊರಿನಿಂದ ಸೀಸೆಗಳು ಹೋಗುತ್ತವೆ. ಕಾಶ್ಮೀರದ ಅಜ್ಜಿಯ ಬೆರಳಿಗೂ, ಅಂಡಮಾನಿನ ಹುಡುಗನ ಬೆರಳಿಗೂ ಹತ್ತುವುದು ಮೈಸೂರಿನ ಶಾಯಿ. ಹೊರದೇಶಗಳಿಗೂ ಹೋಗುತ್ತದೆ.

ಇದರಲ್ಲಿರುವುದು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಒಂದು ಲವಣ. ಚರ್ಮದ ಮೇಲಿನ ಬೆವರಿನ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಅದು ಬಣ್ಣ ಮೆತ್ತಿದ ಹಾಗೆ ಮೇಲೆ ಕೂರುವುದಿಲ್ಲ, ಚರ್ಮಕ್ಕೇ ಹಿಡಿದುಕೊಳ್ಳುತ್ತದೆ. ಸೋಪು, ಎಣ್ಣೆ, ಸೀಮೆಎಣ್ಣೆ ಏನು ಹಾಕಿದರೂ ಆಗುವುದಿಲ್ಲ. ಚರ್ಮದ್ದು ಕೆಲವು ದಿನದಲ್ಲಿ ಹೋದರೂ ಉಗುರಿನದ್ದು ಉಗುರು ಬೆಳೆದ ಮೇಲೆಯೇ ಹೋಗಬೇಕು. ಅದಕ್ಕೇ 2006ರಿಂದ ಚುಕ್ಕೆ ಬಿಟ್ಟು ಗೆರೆ ಎಳೆಯುತ್ತಾರೆ, ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ. 10 ಎಂಎಲ್‌ನ ಒಂದು ಸೀಸೆ ಸುಮಾರು 700 ಜನಕ್ಕೆ ಬರುತ್ತದೆ. 2024ಕ್ಕೆ 26 ಲಕ್ಷಕ್ಕೂ ಜಾಸ್ತಿ ಸೀಸೆ ಮೈಸೂರಿನಿಂದ ಹೋದವು. 2016ರಲ್ಲಿ ನೋಟು ರದ್ದಾದಾಗ ಬ್ಯಾಂಕಿನವರೂ ಇದನ್ನೇ ತರಿಸಿಕೊಂಡು ಬಲಗೈ ಬೆರಳಿಗೆ ಹಚ್ಚಿದ್ದು ನಿಮಗೆ ನೆನಪಿರಬೇಕು.

ಒಳಗಿನವನಾಗಿ ಒಂದು ಸಣ್ಣ ವಿಷಯ. ಬೂತಿನಲ್ಲಿ ಎರಡನೇ ಸಿಬ್ಬಂದಿ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಇಸಿದುಕೊಳ್ಳುವಾಗ ಮತ್ತೊಮ್ಮೆ ಬೆರಳು ನೋಡಬೇಕು, ಒರೆಸಿಕೊಂಡಿದ್ದರೆ ಮತ್ತೆ ಹಚ್ಚಬೇಕು. ಅದು ನಿಮ್ಮ ಮೇಲಿನ ಅನುಮಾನ ಅಲ್ಲ, ಶಾಯಿ ಒಣಗಲು ಬಿಡುವ ಪದ್ಧತಿ. ಎಡಗೈ ತೋರುಬೆರಳು ಇಲ್ಲದವರಿಗೆ ಎಡಗೈಯ ಬೇರೆ ಬೆರಳಿಗೆ ಹಚ್ಚುತ್ತಾರೆ. ಕಣ್ಣು ಕಾಣದವರ ಜೊತೆಗೆ ಬಂದು ಅವರ ಪರವಾಗಿ ಬಟನ್ ಒತ್ತುವವರಿಗೆ ಬಲಗೈ ತೋರುಬೆರಳಿಗೆ ಗುರುತು, ಒಬ್ಬರೇ ಹತ್ತಾರು ಜನರ ಜೊತೆ ಬರದ ಹಾಗೆ.

ಪ್ರಶ್ನೆ: ಇವಿಎಂ ಮೇಲೆ ನನಗೆ ನಂಬಿಕೆ ಇಲ್ಲ. ನೀವು ಒಳಗಿದ್ದವರು, ನೇರವಾಗಿ ಹೇಳಿ. ನಂಬಬಹುದಾ? (ನಾಗಮಂಗಲದ ಓದುಗರು)

ನಂಬಿ ಅಂತ ನಾನು ಹೇಳುವುದಿಲ್ಲ. ಹೋಗಿ ನೋಡಿ ಅಂತ ಹೇಳುತ್ತೇನೆ. ಯಾಕೆಂದರೆ ಈ ಇಡೀ ವ್ಯವಸ್ಥೆ ನಿಂತಿರುವುದೇ ಯಾರನ್ನೂ ಒಬ್ಬಂಟಿಯಾಗಿ ನಂಬಬಾರದು ಅನ್ನುವುದರ ಮೇಲೆ. ನನ್ನನ್ನೂ ಸೇರಿಸಿ.

ಯಂತ್ರ ಮಾಡುವುದು 2 ಸರ್ಕಾರಿ ಕಂಪನಿ, ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಮೊದಲ ಸಲ ಬಳಸಿದ್ದು 1982ರಲ್ಲಿ ಕೇರಳದ ಪರವೂರಿನಲ್ಲಿ, ಇಡೀ ದೇಶಕ್ಕೆ ಬಂದದ್ದು 2004ರ ಲೋಕಸಭೆಗೆ. ಚುನಾವಣೆಗೆ ತಿಂಗಳುಗಳ ಮೊದಲೇ ಜಿಲ್ಲೆಯ ಗೋದಾಮಿನಲ್ಲಿ ಪಕ್ಷದವರ ಎದುರಿಗೆ ಇಂಜಿನಿಯರುಗಳು ಪ್ರತಿ ಯಂತ್ರವನ್ನೂ ಪರೀಕ್ಷೆ ಮಾಡುತ್ತಾರೆ. ಆಮೇಲೆ ಕಂಪ್ಯೂಟರ್ ಕಲಸಿ ಹಂಚುತ್ತದೆ, ಮೊದಲ ಸಲ ಯಾವ ವಿಧಾನಸಭಾ ಕ್ಷೇತ್ರಕ್ಕೆ ಯಾವ ಯಂತ್ರ ಅಂತ, ಎರಡನೇ ಸಲ ಯಾವ ಬೂತಿಗೆ ಅಂತ. ಎರಡನೆಯದು ನಡೆಯುವುದು ಅಭ್ಯರ್ಥಿಗಳು ಯಾರು ಅಂತ ಗೊತ್ತಾದ ಮೇಲೆ. ಯಂತ್ರಗಳ ನಂಬರು ಇರುವ ಪಟ್ಟಿ ಅಭ್ಯರ್ಥಿಗಳ ಕೈಗೂ ಸಿಗುತ್ತದೆ. ಸಿಬ್ಬಂದಿಯನ್ನೂ ಹಾಗೇ ಕಲಸುತ್ತಾರೆ. ನಾನು ಯಾವ ಊರಿಗೆ ಹೋಗುತ್ತೇನೆ ಅಂತ ನನಗೆ ಗೊತ್ತಾಗುತ್ತಿದ್ದದ್ದು ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ, ಅಂದರೆ ಸಿಬ್ಬಂದಿ ಸೇರಿ ಯಂತ್ರ, ಸಾಮಾನು ತೆಗೆದುಕೊಳ್ಳುವ ಜಾಗದಲ್ಲಿ, ಪಟ್ಟಿ ನೋಡಿದಾಗಲೇ.

ಈಗ ಅಸಲಿ ಜಾಗಕ್ಕೆ ಬರುತ್ತೇನೆ, ಬೂತಿಗೆ. ಮತದಾನ ಬೆಳಿಗ್ಗೆ 7ಕ್ಕೆ ಇದ್ದರೆ 5.30ಕ್ಕೆ ಅಣಕು ಮತದಾನ. ಅಭ್ಯರ್ಥಿಗಳ ಏಜೆಂಟರ ಎದುರಿಗೆ ಒಟ್ಟು ಕಡಿಮೆ ಅಂದರೆ 50 ಓಟು ಹಾಕಬೇಕು, ಪ್ರತಿ ಅಭ್ಯರ್ಥಿಗೂ, ನೋಟಾಗೂ (ಯಾರೂ ಬೇಡ ಅನ್ನುವ ಬಟನ್) ಬರುವ ಹಾಗೆ. ಯಾರಿಗೆ ಎಷ್ಟು ಹಾಕಿದೆವು ಅಂತ ಕಾಗದದಲ್ಲಿ ಬರೆದುಕೊಂಡು, ಯಂತ್ರದ ಲೆಕ್ಕಕ್ಕೂ ವಿವಿಪ್ಯಾಟ್ (ಪ್ರತಿ ಓಟಿಗೂ ಚೀಟಿ ಮುದ್ರಿಸುವ ಪೆಟ್ಟಿಗೆ) ಚೀಟಿಗಳಿಗೂ ತಾಳೆ ನೋಡುತ್ತೇವೆ. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್, ಇದೇ ಕ್ರಮದಲ್ಲಿ ಒತ್ತಿ ಯಂತ್ರವನ್ನು ಸೊನ್ನೆಗೆ ತರಬೇಕು. ಅಣಕು ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಗೆ ಹಾಕಿ ಅರಗು ಹಾಕಬೇಕು. ನಂತರ ಯಂತ್ರಕ್ಕೆ ಹಸಿರು ಕಾಗದದ ಸೀಲು. ಅದರ ನಂಬರನ್ನು ಏಜೆಂಟರು ಬರೆದುಕೊಳ್ಳುತ್ತಾರೆ, ಸಹಿ ಹಾಕುತ್ತಾರೆ.

ಒಂದು ಸಲ ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರಲ್ಲಿ ನಾನು ಪಿಆರ್‌ಒ. ರಾತ್ರಿ ನಿದ್ದೆ ಇಲ್ಲ, ಫ್ಯಾನಿಲ್ಲದ ಶಾಲೆ, ಬೆಳಿಗ್ಗೆ 6.50. ಹೊರಗೆ ಆಗಲೇ ಸಾಲು. ಅಣಕು ಮತದಾನ ಮುಗಿಸಿ ಒಟ್ಟು ಓಟಿನ ಸಂಖ್ಯೆ ತೋರಿಸಿ, ಗಡಿಬಿಡಿಯಲ್ಲಿ ಸೀಲಿಗೆ ಕೈ ಹಾಕಿದೆ. ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಏಜೆಂಟರೊಬ್ಬರು, ಪಂಚೆ ಉಟ್ಟ ರೈತರು, 'ಸ್ವಾಮಿ, ಸೊನ್ನೆ ತೋರಿಸ್ಲಿಲ್ವಲ್ಲ' ಅಂದರು. ನನ್ನ ಕೈ ನಿಂತುಹೋಯಿತು. ಕ್ಲಿಯರ್ ಒತ್ತಿರಲಿಲ್ಲ. ಆ 50 ಓಟು ಹಾಗೇ ಉಳಿದಿದ್ದರೆ ಸಂಜೆ ಲೆಕ್ಕ ತಾಳೆಯಾಗುತ್ತಿರಲಿಲ್ಲ, ಆ ಬೂತಿನ ಎಣಿಕೆಯೇ ವಿವಾದಕ್ಕೆ ಬೀಳುತ್ತಿತ್ತು. ಅವತ್ತಿನಿಂದ ತರಬೇತಿಯಲ್ಲಿ ನಾನು ಯಾವಾಗಲೂ ಹೇಳುತ್ತಿದ್ದೆ: ಏಜೆಂಟರನ್ನು ಹತ್ತಿರ ಕೂರಿಸಿಕೊಳ್ಳಿ, ಅವರು ಪ್ರಶ್ನೆ ಕೇಳಿದರೆ ಸಿಟ್ಟಾಗಬೇಡಿ. ಪಕ್ಷದವರಿಗೂ ಹೇಳುತ್ತೇನೆ, ಬೆಳಿಗ್ಗೆ 5.30ಕ್ಕೆ ಬರುವ ಏಜೆಂಟರನ್ನು ಕಳಿಸಿ. ಎಷ್ಟೋ ಬೂತಿನಲ್ಲಿ ಅಣಕು ಮತದಾನಕ್ಕೆ ಒಬ್ಬ ಏಜೆಂಟೂ ಬಂದಿರುವುದಿಲ್ಲ, 15 ನಿಮಿಷ ಕಾದು ನಾವೇ ಮಾಡಿ ಮುಗಿಸಬೇಕು. ಫಲಿತಾಂಶ ಬಂದ ಮೇಲೆ ಯಂತ್ರದ ಮೇಲೆ ಕೂಗಾಡುವ ಬದಲು ಆ ಬೆಳಿಗ್ಗೆ ಎದ್ದು ಬರುವುದು ದೊಡ್ಡದು.

ಸಂಜೆ ಫಾರಂ 17ಸಿ. ಇದನ್ನು ನೆನಪಿಡಿ. ಆ ಬೂತಿನಲ್ಲಿ ಒಟ್ಟು ಎಷ್ಟು ಓಟು ಬಿತ್ತು, ಯಂತ್ರದ ನಂಬರೇನು, ಸೀಲಿನ ನಂಬರೇನು, ಎಲ್ಲ ಬರೆದು ಪ್ರತಿ ಏಜೆಂಟರಿಗೂ ಒಂದು ಪ್ರತಿ ಕೊಡಬೇಕು. ಎಣಿಕೆಯ ದಿನ ಟೇಬಲ್ಲಿನ ಮೇಲೆ ಅದೇ ಯಂತ್ರ ಬಂದಾಗ ಆ ಕಾಗದ ಹಿಡಿದು ತಾಳೆ ನೋಡಬಹುದು. ಅಷ್ಟೇ ಅಲ್ಲ, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಬೂತುಗಳನ್ನು ಚೀಟಿ ಎತ್ತಿ ಆರಿಸಿ ಅವುಗಳ ವಿವಿಪ್ಯಾಟ್ ಚೀಟಿಗಳನ್ನು ಕೈಯಲ್ಲಿ ಎಣಿಸುತ್ತಾರೆ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಒಂದು ಇದ್ದದ್ದು 5 ಆಯಿತು. ಮಂಡ್ಯ ಲೋಕಸಭೆಯಲ್ಲಿ 8 ವಿಧಾನಸಭಾ ಕ್ಷೇತ್ರ, ಅಲ್ಲಿಗೆ 40 ಬೂತು.

ಎಲ್ಲ ಚೀಟಿಗಳನ್ನೂ ಎಣಿಸಿ ಅನ್ನುವ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು, ಸರಿಯಾಗಿ ನಾವು ಮೈಸೂರು, ಮಂಡ್ಯದವರು ಸಾಲಿನಲ್ಲಿ ನಿಂತು ಓಟು ಹಾಕುತ್ತಿದ್ದ ದಿನ. ಆದರೆ ಅದೇ ತೀರ್ಪು ಒಂದು ದಾರಿ ತೆರೆಯಿತು: ಎರಡನೇ, ಮೂರನೇ ಸ್ಥಾನ ಬಂದವರು ಅನುಮಾನ ಇದ್ದರೆ ಫಲಿತಾಂಶದ 7 ದಿನದೊಳಗೆ ಹಣ ಕಟ್ಟಿ, ಪ್ರತಿ ವಿಧಾನಸಭಾ ಕ್ಷೇತ್ರದ ಶೇಕಡಾ 5ರಷ್ಟು ಯಂತ್ರಗಳ ಪರಿಶೀಲನೆ ಕೇಳಬಹುದು. ಎಣಿಸುವ ಚೀಟಿಗಳ ಪ್ರಮಾಣ ಇನ್ನೂ ಸ್ವಲ್ಪ ಜಾಸ್ತಿ ಆಗಬೇಕು ಅನ್ನುವುದು ನನ್ನ ಸ್ವಂತ ಅಭಿಪ್ರಾಯ. ಎಣಿಕೆ ಅರ್ಧ ದಿನ ತಡವಾದರೆ ದೇಶ ಮುಳುಗುವುದಿಲ್ಲ, ಸೋತವನ ಮನಸ್ಸಿಗೂ ಒಪ್ಪುವ ಹಾಗಿರಬೇಕು ಅಲ್ವಾ?

ನೀವು ಓಟು ಹಾಕುವಾಗ ಮಾಡಬೇಕಾದದ್ದು ಒಂದಿದೆ. ಬಟನ್ ಒತ್ತಿದ ತಕ್ಷಣ ಹೊರಡಬೇಡಿ. ವಿವಿಪ್ಯಾಟ್ ಗಾಜಿನಲ್ಲಿ 7 ಸೆಕೆಂಡು ಚೀಟಿ ಕಾಣುತ್ತದೆ, ಹೆಸರು ಮತ್ತು ಚಿಹ್ನೆ ನೋಡಿ. ಬೇರೆಯವರ ಹೆಸರು ಬಂದಿದ್ದರೆ ಅಲ್ಲೇ ಪಿಆರ್‌ಒಗೆ ಹೇಳಿ, ಬರೆದುಕೊಟ್ಟರೆ ಏಜೆಂಟರ ಎದುರು ಪರೀಕ್ಷೆ ಓಟು ಹಾಕಿಸಿ ನೋಡುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ. ಸುಳ್ಳಾದರೆ ಕೇಸಾಗುತ್ತದೆ, ಆದ್ದರಿಂದ ಸುಮ್ನೆ ಹೇಳಬಾರದು. ನಿಜವಿದ್ದರೆ ಹೆದರಬಾರದು.

ಪ್ರಶ್ನೆ: ನಾನು ಹೋಗುವ ಹೊತ್ತಿಗೆ ನನ್ನ ಓಟು ಯಾರೋ ಹಾಕಿಬಿಟ್ಟಿದ್ದರು. ವಾಪಸ್ ಕಳಿಸಿದರು. ಏನು ಮಾಡಬೇಕಿತ್ತು? (ಹುಣಸೂರಿನ ಓದುಗರು)

ವಾಪಸ್ ಬರಬಾರದಿತ್ತು. ಟೆಂಡರ್ಡ್ ಓಟು ಕೊಡಿ ಅಂತ ಕೇಳಬೇಕಿತ್ತು. ನೀವೇ ಅಸಲಿ ಮತದಾರರು ಅಂತ ಪಿಆರ್‌ಒಗೆ ಒಪ್ಪಿಗೆಯಾದರೆ ಕಾಗದದ ಬ್ಯಾಲೆಟ್ ಕೊಡುತ್ತಾರೆ, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಅದು ಯಂತ್ರದ ಎಣಿಕೆಗೆ ಸೇರುವುದಿಲ್ಲ, ನಿಜ. ಆದರೆ ಅಂತರ ತೀರಾ ಕಡಿಮೆ ಬಂದು ವಿಷಯ ಹೈಕೋರ್ಟಿಗೆ ಹೋದರೆ ಆ ಲಕೋಟೆಗೆ ಬೆಲೆ ಬರುತ್ತದೆ. ನಿಮ್ಮನ್ನು ಹಾಗೇ ಕಳಿಸಿದ್ದು ಸಿಬ್ಬಂದಿಯ ತಪ್ಪು. ಇಂಥದ್ದು ಆಗಬಾರದು.

ಪ್ರಶ್ನೆ: ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತೇನೆ. ಒಂದು ಓಟಿಗೆ ಅಂತ ಊರಿಗೆ ಬರಬೇಕಾ? (ಮಂಡ್ಯ ಮೂಲದ ಓದುಗರು)

2004ರ ವಿಧಾನಸಭಾ ಚುನಾವಣೆ, ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಆರ್. ಧ್ರುವನಾರಾಯಣ 40,752. ಎ.ಆರ್. ಕೃಷ್ಣಮೂರ್ತಿ 40,751. ಬನ್ನಿ.

ಪ್ರಶ್ನೆ: ನೋಟಾಗೆ ಎಲ್ಲರಿಗಿಂತ ಜಾಸ್ತಿ ಓಟು ಬಂದರೆ ಮರುಚುನಾವಣೆ ಆಗುತ್ತಾ? (ಪಾಂಡವಪುರದ ಓದುಗರು)

ಲೋಕಸಭೆಗೆ ಆಗುವುದಿಲ್ಲ. ನೋಟಾ ಬಿಟ್ಟು ಉಳಿದವರಲ್ಲಿ ಯಾರಿಗೆ ಜಾಸ್ತಿಯೋ ಅವರೇ ಗೆದ್ದ ಹಾಗೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಬಟನ್ ಅದು. ನಿಮಗೆ ಯಾರೂ ಇಷ್ಟವಿಲ್ಲ ಅನ್ನುವುದನ್ನು ಗುಟ್ಟಾಗಿ ಹೇಳುವ ಹಕ್ಕು ಕೊಡುತ್ತದೆ, ಅಷ್ಟೇ.

ಪ್ರಶ್ನೆ: ಬೆಲ್ಲ ಮಾರಿದ ದುಡ್ಡು ತರುವಾಗ ಚೆಕ್‌ಪೋಸ್ಟಿನಲ್ಲಿ ಹಿಡಿದರು. ರೈತ ಕಳ್ಳನಾ? (ಮಂಡ್ಯ ತಾಲ್ಲೂಕಿನ ರೈತರು)

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನೀತಿ ಸಂಹಿತೆ ಇರುವಾಗ 50,000 ರೂಪಾಯಿಗಿಂತ ಜಾಸ್ತಿ ನಗದು ಇದ್ದರೆ ದಾಖಲೆ ಕೇಳುತ್ತಾರೆ. ಆಲೆಮನೆಯವರು, ರೇಷ್ಮೆಗೂಡು ಮಾರುವವರು, ಮದುವೆಗೆ ದುಡ್ಡು ತರುವವರು ಇದರಲ್ಲಿ ಸಿಕ್ಕಿಬೀಳುತ್ತಾರೆ. ಮಂಡಿಯ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಲಗ್ನಪತ್ರಿಕೆ, ಏನಾದರೂ ಜೊತೆಗಿರಲಿ. ಹಿಡಿದರೆ ರಸೀದಿ ಕೇಳಿ ಪಡೆಯಿರಿ. ದುಡ್ಡು ಬಿಡಿಸಿಕೊಡಲು ಜಿಲ್ಲಾ ಮಟ್ಟದಲ್ಲಿ ಮೂವರು ಅಧಿಕಾರಿಗಳ ಸಮಿತಿ ಇದೆ, ಚುನಾವಣೆಗೂ ಅದಕ್ಕೂ ಸಂಬಂಧವಿಲ್ಲ ಅಂತ ಕಂಡರೆ ಅವರು ಬಿಡಬೇಕು. ಓಟಿಗೆ ದುಡ್ಡು ಹಂಚುವುದನ್ನು ತಡೆಯಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಮಿತಿಯ ವಿಷಯ ಚೆಕ್‌ಪೋಸ್ಟಿನಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು. ಸುಗ್ಗಿಯ ದುಡ್ಡು ಸಿಕ್ಕಿಹಾಕಿಕೊಂಡ ರೈತ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನಾನೇ ನೋಡಿದ್ದೇನೆ.

ಪ್ರಶ್ನೆ: ನಮ್ಮೂರಿಗೆ ರಸ್ತೆ ಮಾಡುವವರೆಗೆ ಮತದಾನ ಬಹಿಷ್ಕಾರ ಅಂತ ತೀರ್ಮಾನಿಸಿದ್ದೇವೆ. ತಪ್ಪಾ? (ಎಚ್.ಡಿ. ಕೋಟೆ ಕಡೆಯ ಯುವಕರು)

ನೋವು ತಪ್ಪಲ್ಲ, ಆರಿಸಿಕೊಂಡ ಹೊತ್ತು ತಪ್ಪು. ನೀತಿ ಸಂಹಿತೆ ಬಂದ ಮೇಲೆ ಯಾವ ಅಧಿಕಾರಿಯೂ, ಮಂತ್ರಿಯೂ ಹೊಸ ರಸ್ತೆ ಘೋಷಿಸುವ ಹಾಗಿಲ್ಲ. ಆಯೋಗ ರಸ್ತೆ ಮಾಡಿಸುವ ಸಂಸ್ಥೆಯೂ ಅಲ್ಲ. ನಿಮ್ಮ ಬಾಗಿಲಿಗೆ ಬರುವ ತಹಶೀಲ್ದಾರರಿಗೆ ಕೈ ಮುಗಿಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಮೂಲ ಸೌಕರ್ಯ ಇಲ್ಲ ಅಂತ ಬಹಿಷ್ಕಾರ, ಅದು ಗಲಾಟೆಯಾಗಿ ಮತಯಂತ್ರ ಒಡೆದರು, 29ಕ್ಕೆ ಮರುಮತದಾನ. ಕಾಡಂಚಿನ ಊರಿನವರು ಎಷ್ಟು ವರ್ಷ ಕೇಳಿ ಸಾಕಾಗಿ ಅಲ್ಲಿಗೆ ಬಂದರೋ, ಅದನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಕೊನೆಗೆ ಕೇಸು ಬಿದ್ದದ್ದು ಅವರ ಮೇಲೆಯೇ. ಚುನಾವಣೆ ಘೋಷಣೆಗೆ ಆರು ತಿಂಗಳು ಮೊದಲು ಊರೆಲ್ಲ ಸೇರಿ ಕೂತರೆ ಬೆಲೆ ಇದೆ. ಆಗ ಎಲ್ಲರಿಗೂ ನಿಮ್ಮ ಓಟು ಬೇಕಿರುತ್ತದೆ, ಮಾಡುವ ಅಧಿಕಾರವೂ ಇರುತ್ತದೆ.

ಪ್ರಶ್ನೆ: ಮೊದಲ ಸಲ ಎಲೆಕ್ಷನ್ ಡ್ಯೂಟಿ ಬಂದಿದೆ. ತುಂಬಾ ಭಯ. ನನ್ನ ಓಟು ಏನಾಗುತ್ತೆ? (ಶ್ರೀರಂಗಪಟ್ಟಣದ ಶಾಲಾ ಶಿಕ್ಷಕಿ)

ಭಯ ಪಡಬೇಡಿ ತಾಯಿ, ಎಲ್ಲರಿಗೂ ಮೊದಲ ಸಲ ಹೀಗೇ ಆಗುತ್ತದೆ. ಮೊದಲು ನಿಮ್ಮ ಓಟು. ನಿಮ್ಮದು ಮಂಡ್ಯ ಲೋಕಸಭಾ ಕ್ಷೇತ್ರ. ಡ್ಯೂಟಿ ಅದರೊಳಗೇ, ಅಂದರೆ ನಾಗಮಂಗಲಕ್ಕೋ ಮಳವಳ್ಳಿಗೋ ಬಿದ್ದರೆ ಇಡಿಸಿ ಅನ್ನುವ ಪ್ರಮಾಣಪತ್ರ ಕೊಡುತ್ತಾರೆ, ಕೆಲಸ ಮಾಡುವ ಬೂತಿನಲ್ಲೇ ಯಂತ್ರದಲ್ಲಿ ಓಟು ಹಾಕಬಹುದು. ಕ್ಷೇತ್ರದ ಹೊರಗೆ ಬಿದ್ದರೆ ಅಂಚೆ ಮತಪತ್ರ. ತರಬೇತಿಯ ದಿನವೇ ಅರ್ಜಿ ತುಂಬಿಕೊಡಿ, ಆಮೇಲೆ ಮಾಡೋಣ ಅಂದರೆ ತಪ್ಪಿಹೋಗುತ್ತದೆ. ಬೇರೆಯವರ ಓಟು ಹಾಕಿಸಿ ತಮ್ಮ ಓಟು ಕಳೆದುಕೊಂಡ ಎಷ್ಟೋ ಮೇಷ್ಟ್ರುಗಳು ನನಗೆ ಗೊತ್ತು.

ಮಸ್ಟರಿಂಗ್ ಕೇಂದ್ರದಲ್ಲಿ ಜಾತ್ರೆಯಂಥ ಗದ್ದಲ ಇರುತ್ತದೆ. ಧ್ವನಿವರ್ಧಕದಲ್ಲಿ ಹೆಸರು ಕೂಗುತ್ತಿರುತ್ತಾರೆ, ಒಂದು ಕಡೆ ಊಟದ ಸಾಲು, ಇನ್ನೊಂದು ಕಡೆ ಬಸ್ಸಿನ ಸಾಲು. ಅವಸರ ಮಾಡದೆ ಒಂದು ಮರದ ಕೆಳಗೆ ತಂಡದವರೆಲ್ಲ ಕೂತು ಸಾಮಾನು ಪಟ್ಟಿ ಹಿಡಿದು ಒಂದೊಂದೇ ನೋಡಿ. ಯಂತ್ರದ ನಂಬರು ಮತ್ತು ಬೂತಿನ ನಂಬರು ತಾಳೆಯಾಗಬೇಕು. ಶಾಯಿ ಸೀಸೆ ಸೋರುತ್ತಿದೆಯಾ ನೋಡಿ. ವಿವಿಪ್ಯಾಟ್ ಹಿಂದೆ ಒಂದು ತಿರುಗಣೆ ಇದೆ, ಸಾಗಿಸುವಾಗ ಅಡ್ಡ, ಕೆಲಸಕ್ಕೆ ಉದ್ದ. ಅದನ್ನು ಮರೆತರೆ ಬೆಳಿಗ್ಗೆ ಅನಾವಶ್ಯಕ ಗಾಬರಿ. ಬೂತಿನಲ್ಲಿ ವಿವಿಪ್ಯಾಟನ್ನು ಕಿಟಕಿಯ ಬಿಸಿಲಿಗೆ, ನೇರ ಬಲ್ಬಿನ ಕೆಳಗೆ ಇಡಬೇಡಿ, ಅದರ ಸೆನ್ಸರ್ ಎಡವುತ್ತದೆ. ಲಕೋಟೆಗಳ ಮೇಲೆ ವಿಳಾಸ, ಬೂತ್ ನಂಬರು ಎಲ್ಲ ಹಿಂದಿನ ರಾತ್ರಿಯೇ ಬರೆದಿಡಿ. ಸಂಜೆ ಬರೆಯಲು ಕೂತರೆ ಡಿಮಸ್ಟರಿಂಗ್‌ನಲ್ಲಿ, ಅಂದರೆ ಎಲ್ಲ ವಾಪಸ್ ಒಪ್ಪಿಸುವಲ್ಲಿ, ರಾತ್ರಿ 12 ಆಗುತ್ತದೆ.

ಇನ್ನೊಂದು ಮಾತು ನಿಮಗಲ್ಲ, ಮೇಲಿನವರಿಗೆ. ಹೆಣ್ಣುಮಕ್ಕಳು ರಾತ್ರಿ ಉಳಿಯಬೇಕಾದ ಶಾಲೆಗಳಲ್ಲಿ ಚಿಲಕ ಇರುವ ಶೌಚಾಲಯ, ನೀರು, ದೀಪ ಇದೆಯಾ ಅಂತ ಒಂದು ವಾರ ಮೊದಲೇ ಯಾರಾದರೂ ಹೋಗಿ ನೋಡಬೇಕು. ಎಷ್ಟೋ ಕಡೆ ಈಗ ಪರವಾಗಿಲ್ಲ. ಎಲ್ಲ ಕಡೆ ಆಗಬೇಕು.

ಪ್ರಶ್ನೆ: ನಮ್ಮ ಅಜ್ಜಿಗೆ 87. ಮನೆಗೇ ಬಂದು ಓಟು ಹಾಕಿಸಿಕೊಳ್ಳುತ್ತಾರಂತೆ? (ಮೈಸೂರಿನ ಓದುಗರು)

ಹೌದು. 2024ರಲ್ಲಿ 85 ದಾಟಿದವರಿಗೆ ಮತ್ತು ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದವರಿಗೆ ಈ ಸೌಲಭ್ಯ ಇತ್ತು. ಬಿಎಲ್‌ಒ ಫಾರಂ 12ಡಿ ತರುತ್ತಾರೆ, ಅಧಿಸೂಚನೆ ಬಂದ 5 ದಿನದೊಳಗೆ ಕೊಡಬೇಕು. ಸಿಬ್ಬಂದಿ, ಪೊಲೀಸು, ವಿಡಿಯೋ ಮಾಡುವವರು ಸೇರಿ ಮನೆಗೆ ಬರುತ್ತಾರೆ. ಒಮ್ಮೆ ಇದನ್ನು ಒಪ್ಪಿದರೆ ಆಮೇಲೆ ಬೂತಿಗೆ ಹೋಗಿ ಹಾಕುತ್ತೇನೆ ಅಂದರೆ ಆಗುವುದಿಲ್ಲ. ಅಜ್ಜಿಗೆ ಬೂತಿಗೆ ಹೋಗಿ ಎಲ್ಲರನ್ನೂ ನೋಡಿ ಬರುವ ಆಸೆ ಇದೆಯಾ ಅಂತ ಮೊದಲು ಅವರನ್ನೇ ಕೇಳಿ.

ಪ್ರಶ್ನೆ: ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಸಂಜೆ 6 ಆಗುತ್ತೆ. ಬಾಗಿಲು ಹಾಕಿಬಿಡುತ್ತಾರಾ? (ಹೂಟಗಳ್ಳಿಯ ಕಾರ್ಮಿಕರು)

ಮೊದಲನೆಯದು, ಮತದಾನದ ದಿನ ನಿಮಗೆ ಸಂಬಳ ಸಹಿತ ರಜೆ ಇದೆ, ಅದು ಕಾನೂನು. ಕೇಳಿ ತೆಗೆದುಕೊಳ್ಳಿ. ಅಷ್ಟಾಗಿಯೂ ತಡವಾದರೆ, 6 ಗಂಟೆಗೆ ಸಾಲಿನಲ್ಲಿ ಇದ್ದರೆ ಸಾಕು, ರಾತ್ರಿ 8 ಆದರೂ ನಿಮ್ಮ ಓಟು ಹಾಕಿಸಿಯೇ ಬೂತು ಮುಚ್ಚಬೇಕು. 6 ಹೊಡೆದ ತಕ್ಷಣ ಪಿಆರ್‌ಒ ಸಹಿ ಹಾಕಿದ ನಂಬರ್ ಚೀಟಿಗಳನ್ನು ಹಿಡಿದು ಹೊರಗೆ ಬರುತ್ತಾರೆ. ಹಂಚುವುದು ಬಾಗಿಲ ಹತ್ತಿರ ನಿಂತವರಿಂದ ಅಲ್ಲ, ಸಾಲಿನ ತುದಿಯಿಂದ. ಆಮೇಲೆ ಓಡಿಬಂದವರು ಹಿಂದೆ ಸೇರಿಕೊಳ್ಳಬಾರದು ಅಂತ ಈ ಕ್ರಮ. ನೀವು 5.59ಕ್ಕೆ ಬಂದು ಎಲ್ಲರಿಗಿಂತ ಹಿಂದೆ ನಿಂತಿದ್ದರೆ, 1ನೇ ನಂಬರಿನ ಚೀಟಿ ನಿಮ್ಮದೇ.